ಮುಕ್ತ ತಂತ್ರಾಂಶದಲ್ಲಿ ಕಿರುತಿದ್ದುಪಡಿ

ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶದಲ್ಲಿ ಕಂಡ ಸಣ್ಣ ದೋಷವನ್ನು ಅದರ ಬಳಕೆದಾರರೊಬ್ಬರು ತಾವೇ ಹುಡುಕಿ, ಸರಿಪಡಿಸಿ, ಯೋಜನೆಯ ನಿರ್ವಾಹಕರಿಗೆ ಒಪ್ಪಿಸುವ ಕೆಲಸಕ್ಕೆ ಈ ಹೆಸರು. ಪ್ಯಾಚ್, ಕಮಿಟ್, ಪುಲ್ ರಿಕ್ವೆಸ್ಟ್ ಎಂಬ ಮಾತುಗಳು ಇದೇ ಕೆಲಸದ ಬೇರೆ ಬೇರೆ ಹಂತಗಳಲ್ಲಿ ಬರುತ್ತವೆ. ತಿದ್ದುಪಡಿ ಒಂದೇ ಸಾಲಿನದಿರಬಹುದು, ಒಂದು ಅಲ್ಪವಿರಾಮದ್ದೂ ಇರಬಹುದು. ಸಾಲುಗಳನ್ನು ಎಣಿಸಿ ಶ್ರಮವನ್ನು ಅಳೆಯಲು ಬರುವುದಿಲ್ಲ. ದೋಷ ಎಲ್ಲಿದೆಯೆಂದು ಪತ್ತೆ ಹಚ್ಚಬೇಕು, ಅದು ದೋಷವೇ ಹೌದೆಂದು ಗುರುತು ಪರಿಚಯವಿಲ್ಲದವರಿಗೆ ಮನಗಾಣಿಸಬೇಕು, ಸರಿಪಡಿಸುವ ಭರದಲ್ಲಿ ಬೇರೇನೂ ಕೆಡಲಿಲ್ಲವೆಂದು ತೋರಿಸಬೇಕು. ಹೆಚ್ಚಿನ ಹೊತ್ತು ಹೋಗುವುದು ಇದಕ್ಕೇ. ಕನ್ನಡಕ್ಕೆ ಸೇರಿದ ದೋಷಗಳಲ್ಲಂತೂ ಪತ್ತೆಯ ಕೆಲಸ ಕನ್ನಡ ಓದಬಲ್ಲವರಿಂದಲೇ ಆಗಬೇಕು. ಎಷ್ಟೇ ನಿಪುಣ ಪ್ರೋಗ್ರಾಮರ್ ಆಗಿರಲಿ, ಲಿಪಿ ಬಾರದವರ ಕಣ್ಣಿಗೆ ‘ಧರ್ಮ’ವೂ ಒಂದೇ ‘ಧಮರ್’ವೂ ಒಂದೇ. ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂಬ ಊರ ಹೆಸರುಗಳಲ್ಲೂ, ಆ ಸೀಮೆಗೆ ನಂಟಿರುವ ವಚನಗಳ ಗಣಕಪಠ್ಯದಲ್ಲೂ ಇಂಥ ದೋಷಗಳಿಗೆ ಒಳ್ಳೆಯ ನಿದರ್ಶನಗಳು ಸಿಗುವುದರಿಂದ ಈ ಲೇಖನ ಅವನ್ನೇ ಮುಂದಿಟ್ಟುಕೊಂಡು ಸಾಗುತ್ತದೆ.

ಹಿನ್ನೆಲೆ

ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದರು. 1985ರಲ್ಲಿ ಲ್ಯಾರಿ ವಾಲ್ ಬರೆದ ‘ಪ್ಯಾಚ್’ ಎಂಬ ಪುಟ್ಟ ಪ್ರೋಗ್ರಾಮಿನಿಂದ ಇಡೀ ಕಡತವನ್ನು ಕಳಿಸುವ ಬದಲು ಬದಲಾದ ಸಾಲುಗಳನ್ನಷ್ಟೇ ಕಳಿಸುವುದು ಸಾಧ್ಯವಾಯಿತು. ಕಿರುತಿದ್ದುಪಡಿಯ ರೂಢಿ ಬೆಳೆದದ್ದು ಹೆಚ್ಚಾಗಿ ಈ ಅನುಕೂಲದಿಂದ. 1991ರಲ್ಲಿ ಲಿನಕ್ಸ್ ಬಂತು, ‘ಓಪನ್ ಸೋರ್ಸ್’ ಎಂಬ ಹೆಸರು 1998ರಲ್ಲಿ ಚಲಾವಣೆಗೆ ಬಂತು, ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಬರೆದರು, 2008ರಲ್ಲಿ ಗಿಟ್ ಭಂಡಾರಗಳನ್ನು ಇರಿಸುವ ತಾಣ ಗಿಟ್‌ಹಬ್ ಆರಂಭವಾಯಿತು. ಕರ್ನಾಟಕದಲ್ಲಿ 2001ರ ಲಿನಕ್ಸ್ ಬೆಂಗಳೂರು ಸಮಾವೇಶ, 2005ರಿಂದ 2012ರವರೆಗೆ ಅದರ ಮುಂದುವರಿಕೆಯಾಗಿ ನಡೆದ ಫಾಸ್ ಡಾಟ್ ಇನ್, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಶಿಬಿರ ನಡೆಸಿದ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಈ ಸಂಸ್ಕೃತಿಯನ್ನು ಹರಡಿದವು.

ಕನ್ನಡ ಗಣಕಲೋಕದ ಕಥೆ ಸ್ವಲ್ಪ ಬೇರೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಆದರೂ ಪತ್ರಿಕೆಗಳು, ಸರ್ಕಾರಿ ಕಚೇರಿಗಳು, ಡಿಟಿಪಿ ಅಂಗಡಿಗಳು ಬಹುಕಾಲ ದುಡಿದದ್ದು ಬರಹ, ನುಡಿ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳ ಮೇಲೆ. ಅಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಲಾಗಿತ್ತು. ಫಾಂಟ್ ತೆಗೆದರೆ ‘ಕನ್ನಡ’ ಎಂಬ ಪದ ವಿಚಿತ್ರ ಚಿಹ್ನೆಗಳ ಸಾಲಾಗಿ ಉಳಿಯುತ್ತಿತ್ತು. ಈ ತಂತ್ರಾಂಶಗಳಲ್ಲಿ ಕೆಲವು ದುಡ್ಡಿಲ್ಲದೆ ಸಿಗುತ್ತಿದ್ದವು, ಆದರೆ ಕೋಡ್ ಬಳಕೆದಾರರ ಕೈಗೆ ಸಿಗುತ್ತಿರಲಿಲ್ಲ. ತಪ್ಪು ಕಂಡರೆ ಹೇಳಿಕೊಂಡು ಮುಂದಿನ ಆವೃತ್ತಿಗೆ ಕಾಯುವುದೊಂದೇ ದಾರಿ. ಕೋಡ್ ತೆರೆದಿದ್ದ ಕೆಲಸಗಳೂ ಬಂದವು: ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ ಫಾಂಟ್, ಹರಿಪ್ರಸಾದ್ ನಾಡಿಗ್ ಅವರ ಕೈಬರಹದ ಮೇಲೆ ನಿಂತ ನವಿಲು ಫಾಂಟ್, ರೆಡ್ ಹ್ಯಾಟ್ ಹೊರತಂದ ಲೋಹಿತ್ ಕನ್ನಡ. ಮೂರೂ ಇಂದು ಡೆಬಿಯನ್ ಲಿನಕ್ಸಿನ ಭಂಡಾರದಲ್ಲಿವೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆಯೂ ಲಿನಕ್ಸಿನ ಕೀಲಿಮಣೆ ಕಡತಗಳಲ್ಲಿ ಸೇರಿದೆ. ಅಲ್ಲಿ ಒಂದು ಕೀಲಿ ತಪ್ಪು ಅಕ್ಷರ ಮೂಡಿಸಿದರೆ ಸಾದಾ ಪಠ್ಯಕಡತದ ಒಂದು ಸಾಲು ತಿದ್ದಿದರಾಯಿತು, ಪ್ರೋಗ್ರಾಮಿಂಗ್ ಗೊತ್ತಿರಲೇಬೇಕೆಂದಿಲ್ಲ.

ಬಾಗೇವಾಡಿ ಎರಡು ಬಗೆ

ಪರದೆಯ ಮೇಲೆ ಕಾಣುವ ‘ಬಾಗೇವಾಡಿ’ ನಾಲ್ಕು ಅಕ್ಷರಗಳ ಹೆಸರು. ಗಣಕದೊಳಗೆ ಅದು ಬ, ಾ, ಗ, ೇ, ವ, ಾ, ಡ, ಿ ಎಂಬ ಎಂಟು ಯೂನಿಕೋಡ್ ಸಂಕೇತಗಳ ಸಾಲು. ತೊಡಕು ಇರುವುದು ‘ಗೇ’ಯಲ್ಲಿ. ಅದರ ಸ್ವರಚಿಹ್ನೆಯನ್ನು ೇ ಎಂಬ ಒಂದೇ ಸಂಕೇತವಾಗಿ ಬರೆಯಬಹುದು. ೆ ಎಂಬ ಹ್ರಸ್ವಚಿಹ್ನೆಯ ಮುಂದೆ ೕ ಎಂಬ ದೀರ್ಘದ ಗುರುತನ್ನಿಟ್ಟು ಎರಡು ಸಂಕೇತವಾಗಿಯೂ ಬರೆಯಬಹುದು. ಎರಡನೆಯ ಬಗೆಯಲ್ಲಿ ಊರಿನ ಹೆಸರು ಒಂಬತ್ತು ಸಂಕೇತ ಉದ್ದವಾಗುತ್ತದೆ. ಸಂಕೇತಗಳನ್ನು ಬೈಟ್ ರೂಪದಲ್ಲಿ ಶೇಖರಿಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ಹಾಗಾಗಿ ಒಂದು ಬಾಗೇವಾಡಿ 24 ಬೈಟ್, ಇನ್ನೊಂದು 27. ಎರಡೂ ಒಂದೇ ಬೆಲೆಯವು ಎಂದು ಯೂನಿಕೋಡ್ ನಿಯಮ ಹೇಳುತ್ತದೆ, ಕಣ್ಣಿಗೂ ಒಂದೇ ಆಗಿ ಕಾಣುತ್ತವೆ. ಬೈಟ್ ಬೈಟ್ ಹೋಲಿಸುವ ಪ್ರೋಗ್ರಾಮಿಗೆ ಮಾತ್ರ ಅವು ಎರಡು ಬೇರೆ ಊರು.

ಎರಡು ಸಂಕೇತದ ರೂಪವನ್ನು ಯಾರೂ ಬೇಕೆಂದು ಟೈಪ್ ಮಾಡುವುದಿಲ್ಲ. ಹಳೆಯ ಫಾಂಟ್‌ಗಳಲ್ಲಿ ದೀರ್ಘದ ಗುರುತು ಪ್ರತ್ಯೇಕ ಅಚ್ಚಾಗಿತ್ತು: ಮೊದಲು ‘ಗೆ’, ಆಮೇಲೆ ದೀರ್ಘ. ಅದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕ ಎರಡನ್ನೂ ಬೆಸೆಯದೆ ಇದ್ದಂತೆಯೇ ಇಳಿಸಿದರೆ ಒಡೆದ ರೂಪ ಹುಟ್ಟುತ್ತದೆ. ಅಂತರಜಾಲದಲ್ಲಿರುವ ಕನ್ನಡ ಪಠ್ಯದಲ್ಲಿ ಇಂಥ ದೀರ್ಘಗಳು ಧಾರಾಳವಾಗಿವೆ. ‘ಮುದ್ದೇಬಿಹಾಳ’ಕ್ಕೂ ಇದೇ ಪಾಡು. ಇಂಡಿ, ಸಿಂದಗಿಗಳಲ್ಲಿ ದೀರ್ಘಸ್ವರವಿಲ್ಲದ್ದರಿಂದ ಅವು ಪಾರು. ತಾಲ್ಲೂಕುವಾರು ಪಟ್ಟಿಯೊಂದರಲ್ಲಿ ಇಂಡಿ ಹುಡುಕಿದರೆ ಸಿಕ್ಕಿ ಬಾಗೇವಾಡಿ ಹುಡುಕಿದರೆ ಸಿಗದಿದ್ದಾಗ ಅನುಮಾನಿಸಬೇಕಾದದ್ದು ಇದನ್ನೇ.

ಪರಿಹಾರ ಒಂದೇ ಸಾಲಿನದು. ಪೈಥಾನ್, ಜಾವಾಸ್ಕ್ರಿಪ್ಟ್ ಮೊದಲಾದ ಭಾಷೆಗಳಲ್ಲಿ ನಾರ್ಮಲೈಸ್ ಎಂಬ ಸಿದ್ಧ ಕ್ರಿಯೆಯಿದೆ. ಎನ್‌ಎಫ್‌ಸಿ ಎಂಬ ರೂಪ ಕೇಳಿದರೆ ಅದು ೆ, ೕ ಎರಡನ್ನೂ ಬೆಸೆದು ೇ ಮಾಡಿ ಕೊಡುತ್ತದೆ. ಆದರೆ ಆ ಸಾಲನ್ನು ಎರಡು ಕಡೆ ಹಾಕಬೇಕು: ಪಠ್ಯ ಸೂಚಿಗೆ ಸೇರುವಲ್ಲಿ ಒಮ್ಮೆ, ಹುಡುಕುವ ಪದ ಒಳಬರುವಲ್ಲಿ ಒಮ್ಮೆ. ಒಂದೇ ಕಡೆ ಹಾಕಿದರೆ ಅಲ್ಲಿಯವರೆಗೆ ಸಿಗುತ್ತಿದ್ದದ್ದೂ ಸಿಗದಂತಾಗುವ ಅಪಾಯವಿದೆ. ಈಗಾಗಲೇ ಶೇಖರವಾದ ದತ್ತಾಂಶವನ್ನು ಮತ್ತೆ ಸೂಚೀಕರಿಸಬೇಕೆಂದೂ ತಿದ್ದುಪಡಿಯ ಟಿಪ್ಪಣಿಯಲ್ಲಿ ಬರೆಯಬೇಕು. ‘ಬಾಗೆವಾಡಿ’ ಎಂದು ಹ್ರಸ್ವದಲ್ಲಿ ಬರೆಯುವವರೂ ಇದ್ದಾರೆ. ಅದು ಕಾಗುಣಿತದ ಮಾತು, ಎನ್‌ಎಫ್‌ಸಿಯ ಕೈಗೆ ಬರುವುದಿಲ್ಲ. ಅದನ್ನೂ ಇದೇ ಪ್ಯಾಚಿನಲ್ಲಿ ತುರುಕಹೋದರೆ ಎರಡೂ ಕೆಡುತ್ತವೆ.

ಇದೇ ಜಾತಿಯ ಇನ್ನೊಂದು ದೋಷ ಕತ್ತರಿಸುವಿಕೆಯದು. ‘ಮುದ್ದೇಬಿಹಾಳ’ ಐದು ಅಕ್ಷರ, ಹನ್ನೊಂದು ಸಂಕೇತ. ಇಂಗ್ಲಿಷ್ ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲ ನಾಲ್ಕನ್ನು ಮಾತ್ರ ತೋರಿಸು ಎಂದು ಬರೆದ ಕೋಡ್, ನಕ್ಷೆಯ ಮೂಲೆಯಲ್ಲಿ ‘ಮುದ್’ ಎಂದು ಅರ್ಧಕ್ಕೇ ಉಸಿರು ಕಟ್ಟಿಸುತ್ತದೆ. ಇಂಗ್ಲಿಷಿನಲ್ಲಿ ಪರೀಕ್ಷಿಸಿದವರಿಗೆ ಇದು ಎಂದೂ ಕಾಣಿಸದು.

ವಚನಗಳು ಮತ್ತು ಅರ್ಕಾವತ್ತು

ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿ ತಾಡೆಯೋಲೆಗಳನ್ನು ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು, ಮುದ್ರಣಕ್ಕಾಗಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಕಟ್ಟಿದರು. ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿ ಅವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ ಬಂತು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನಿಂದ ಮೊದಲುಗೊಂಡು ವಚನಕಾರರ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಗಣಕದಲ್ಲಿ ಪದವಾರು ಹುಡುಕಲು ಬರುವಂತೆ ಮಾಡಿದ್ದು ‘ವಚನ ಸಂಚಯ’, ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ, ಓಂಶಿವಪ್ರಕಾಶ್ ಮತ್ತು ಸಂಗಡಿಗರು ಕಳೆದ ದಶಕದಲ್ಲಿ ರೂಪಿಸಿದ ತಾಣ. ಇಂಥ ಕೆಲಸಕ್ಕೆ ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ತರುವ ಪರಿವರ್ತಕ ಬೇಕೇಬೇಕು. ಅರವಿಂದ ಅವರದೂ ಸೇರಿದಂತೆ ಕೋಡ್ ತೆರೆದಿರುವ ಪರಿವರ್ತಕಗಳು ಗಿಟ್‌ಹಬ್‌ನಲ್ಲಿವೆ. ಕಿರುತಿದ್ದುಪಡಿಗೆ ಇದಕ್ಕಿಂತ ಫಲವತ್ತಾದ ಹೊಲ ಕನ್ನಡದಲ್ಲಿ ಬೇರೆ ಇಲ್ಲವೆನ್ನಬಹುದು.

ಕಾರಣ ಅರ್ಕಾವತ್ತು. ‘ಧರ್ಮ’ದಲ್ಲಿ ಉಚ್ಚಾರಣೆಗೆ ರ್ ಮೊದಲು, ಮ ಆಮೇಲೆ, ಯೂನಿಕೋಡ್ ಇದೇ ಕ್ರಮವನ್ನು ಹಿಡಿಯುತ್ತದೆ. ಹಳೆಯ ಫಾಂಟ್ ಕಣ್ಣಿಗೆ ಕಾಣುವ ಕ್ರಮವನ್ನು ಹಿಡಿಯುತ್ತದೆ: ಮೊದಲು ಮ, ಅದರ ಬಲಕ್ಕೆ ಅರ್ಕಾವತ್ತು. ಪರಿವರ್ತಕ ಅರ್ಕಾವತ್ತನ್ನು ಕಂಡ ಕೂಡಲೇ ಹಿಂದಕ್ಕೆ ನಡೆದು ಹಿಂದಿನ ಅಕ್ಷರದ ಆರಂಭದಲ್ಲಿ ‘ರ್’ ಇಡಬೇಕು. ನಡೆಯದಿದ್ದರೆ ‘ಧಮರ್’, ‘ಕಾಯರ್ಕ್ರಮ’ ಆಗುತ್ತದೆ. ಕನ್ನಡ ಸುದ್ದಿತಾಣ ಓದುವವರೆಲ್ಲ ಒಮ್ಮೆಯಾದರೂ ಕಂಡಿರುವ ರೂಪಗಳಿವು.

ಒಂದು ಹೆಜ್ಜೆ ಹಿಂದೆ ಹೋದರೆ ಸಾಕೇ? ‘ಧರ್ಮ’ಕ್ಕೆ ಸಾಕು. ‘ಕೀರ್ತಿ’ಗೆ ಸಾಲದು. ಅಲ್ಲಿ ಕೊನೆಯ ಸಂಕೇತ ವ್ಯಂಜನವಲ್ಲ, ಗುಡಿಸು. ಅದನ್ನೂ ದಾಟದಿದ್ದರೆ ‘ಕೀತರ್ಿ’ ಎಂದು ಗುಡಿಸು ಬೀದಿಪಾಲಾಗುತ್ತದೆ. ವಚನಗಳಲ್ಲಿ ಮತ್ತೆ ಮತ್ತೆ ಬರುವ ‘ಮರ್ತ್ಯ’ ಇನ್ನೂ ಕಠಿಣ. ಅರ್ಕಾವತ್ತಿನ ಹಿಂದೆ ‘ತ್ಯ’ ಇದೆ, ಅಂದರೆ ತ, ್, ಯ. ಯಕಾರಕ್ಕೇ ನಿಂತುಬಿಟ್ಟರೆ ‘ಮತ್ರ್ಯ’ ಆಗುತ್ತದೆ. ಹಿಂದೆ ್ ಎಂಬ ವಿರಾಮಚಿಹ್ನೆ ಸಿಕ್ಕಿತೆಂದರೆ ಒತ್ತಕ್ಷರ ಇನ್ನೂ ಮುಗಿದಿಲ್ಲ ಎಂದರ್ಥ. ಅದನ್ನೂ ಅದರ ಹಿಂದಿನ ವ್ಯಂಜನವನ್ನೂ ದಾಟಿ, ವಿರಾಮ ಸಿಗದ ಕಡೆ ನಿಲ್ಲಬೇಕು. ಕೋಡಿನಲ್ಲಿ ಇದು ಒಂದು ‘ಇಫ್’ ಇದ್ದ ಜಾಗದಲ್ಲಿ ಒಂದು ‘ವೈಲ್’ ಬರೆಯುವಷ್ಟು ಬದಲಾವಣೆ. ಆ ಐದಾರು ಸಾಲಿನ ಜೊತೆ ಧರ್ಮ, ಕೀರ್ತಿ, ಮರ್ತ್ಯ ಎಂಬ ಮೂರು ಪದಗಳನ್ನು ಪರೀಕ್ಷಾಕಡತಕ್ಕೆ ಸೇರಿಸಿದರೆ ಪ್ಯಾಚ್ ಪೂರ್ಣವಾಗುತ್ತದೆ. ಮುಂದೆ ಯಾರೋ ಬೇರೆ ಕಾರಣಕ್ಕೆ ಅದೇ ಸಾಲುಗಳನ್ನು ಮುಟ್ಟಿದಾಗ ‘ಮತ್ರ್ಯ’ ಮರಳಿ ಬಂದರೆ ಪರೀಕ್ಷೆಯೇ ಕೂಗಿ ಹೇಳುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಪರಿವರ್ತಕದ ತಪ್ಪನ್ನು ಪರಿವರ್ತಕದಲ್ಲೇ ತಿದ್ದಿ ಪಠ್ಯವನ್ನು ಮೂಲದಿಂದ ಮತ್ತೆ ಇಳಿಸಬೇಕು. ಸಿದ್ಧಪಠ್ಯದಲ್ಲಿ ಹುಡುಕಿ ಬದಲಿಸುವ ಅಡ್ಡದಾರಿ ಹಿಡಿದರೆ ವಚನದ ಹಳೆಯ ರೂಪಗಳೂ ಪಾಠಾಂತರಗಳೂ ‘ತಪ್ಪು’ಗಳ ಜೊತೆ ಕೊಚ್ಚಿಹೋಗುತ್ತವೆ. ಹಸ್ತಪ್ರತಿ ಸಂಪಾದಕರು ಒಂದೊಂದು ಪಾಠಾಂತರವನ್ನೂ ಅಡಿಟಿಪ್ಪಣಿಯಲ್ಲಿ ಏಕೆ ಕಾಪಾಡುತ್ತಾರೆಂದು ತಿಳಿದವರು ಪ್ರೋಗ್ರಾಮರ್‌ಗಳಿಗಿಂತ ಇದನ್ನು ಬೇಗ ಗ್ರಹಿಸುತ್ತಾರೆ.

ಹಾರ್ಫ್‌ಬಜ್‌ನ ಒಂದು ಅದಲುಬದಲು

ಸಂಕೇತಗಳ ಸಾಲನ್ನು ಒತ್ತಕ್ಷರ ಗುಣಿತಗಳ ರೂಪಕ್ಕೆ ಜೋಡಿಸುವ ಕೆಲಸ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶದ್ದು. ಬೆಹ್ದಾದ್ ಎಸ್ಫಹ್ಬೋದ್ ಇದರ ಮುಖ್ಯ ಲೇಖಕರು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಎಲ್ಲವೂ ಕನ್ನಡ ತೋರಿಸಲು ಇದನ್ನೇ ನೆಚ್ಚಿವೆ.

‘ಸೂರ್ಯ’ದಲ್ಲಿ ರಕಾರ ಅರ್ಕಾವತ್ತಾಗಿ ಬಲಕ್ಕೆ ಸರಿಯುತ್ತದೆ. ‘ರ‍್ಯಾಂಕ್’, ‘ರ‍್ಯಾಲಿ’ಗಳಲ್ಲಿ ರಕಾರ ಮೇಲೆಯೇ ನಿಂತು ಯಕಾರ ಒತ್ತಾಗಬೇಕು. ಎರಡನ್ನೂ ಬೇರ್ಪಡಿಸಲು ಕಣ್ಣಿಗೆ ಕಾಣದ ‘ಜೋಡಕ’ವೊಂದನ್ನು ನಡುವೆ ಇಡುತ್ತಾರೆ. ಯೂನಿಕೋಡ್ ಶಿಫಾರಸು ಮಾಡಿದ ಕ್ರಮ ರ, ಜೋಡಕ, ವಿರಾಮ, ಯ. ಆದರೆ ರ, ವಿರಾಮ, ಜೋಡಕ, ಯ ಎಂಬ ಹಳೆಯ ರೂಢಿಯಲ್ಲಿ ಬರೆದ ಪಠ್ಯವೂ ಸಾಕಷ್ಟಿತ್ತು. ಯೋಜನೆಯ ದೋಷಪಟ್ಟಿಯಲ್ಲಿ 435ನೆಯದಾಗಿ ದಾಖಲಾದ ಈ ವಿಷಯಕ್ಕೆ ಸಿಕ್ಕ ಪರಿಹಾರ ಚಿಕ್ಕದು: ಲಿಪಿ ಕನ್ನಡವಾಗಿದ್ದು, ಅಕ್ಷರ ರ, ವಿರಾಮ, ಜೋಡಕದಿಂದ ಆರಂಭವಾದರೆ ಕೊನೆಯ ಎರಡನ್ನು ಅದಲುಬದಲು ಮಾಡು. ಹತ್ತು ಹನ್ನೆರಡು ಸಾಲು. ಮೇಲಿನ ಟಿಪ್ಪಣಿಯಲ್ಲಿ ಇದು ಕನ್ನಡದ ಹಳೆಯ ರೂಢಿಗಾಗಿ ಎಂದು ಹೇಳಿ ದೋಷಸಂಖ್ಯೆಯ ಕೊಂಡಿ ಕೊಟ್ಟಿದೆ. ಬರೆದವರು ಹೋದ ಮೇಲೂ ಕೋಡ್ ಓದುವವರಿಗೆ ಈ ಸಾಲುಗಳು ಏಕಿವೆ ಎಂದು ತಿಳಿಯುವುದು ಆ ಟಿಪ್ಪಣಿಯಿಂದ. ತಿದ್ದುಪಡಿ ಹೇಗಿರಬೇಕೆಂದು ಕೇಳುವ ವಿದ್ಯಾರ್ಥಿಗೆ ನೂರು ಮಾರ್ಗದರ್ಶಿಗಳ ಬದಲು ಈ ತುಣುಕೊಂದನ್ನು ತೋರಿಸಬಹುದು.

ಕ್ರಮ

ಮೊದಲು ಯೋಜನೆಯ ಇಶ್ಯೂ ಪಟ್ಟಿಯಲ್ಲಿ ಅದೇ ದೂರು ಇದೆಯೇ ನೋಡಬೇಕು. ಇಲ್ಲದಿದ್ದರೆ ಹೊಸದು ತೆರೆದು, ಏನು ಮಾಡಿದೆ, ಏನು ಬರಬೇಕಿತ್ತು, ಏನು ಬಂತು ಎಂದು ಬರೆಯಬೇಕು. ಕನ್ನಡದ ದೋಷವಾದರೆ ಸ್ಕ್ರೀನ್‌ಶಾಟ್ ಸಾಲದು; ಪಠ್ಯವನ್ನೂ ಅಂಟಿಸಿ ಅದರೊಳಗಿನ ಸಂಕೇತಗಳನ್ನು ಒಂದೊಂದಾಗಿ ಹೆಸರಿಸಬೇಕು. ದೂರು ಓದುವವರಿಗೆ ಲಿಪಿ ಬಾರದು, ಆದರೆ ಸಂಕೇತಗಳ ಸಾಲನ್ನು ಹೋಲಿಸಲು ಬರುತ್ತದೆ.

ಮುಂದಿನದು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಯೋಜನೆಯ ಕೋಡ್ ಭಂಡಾರವನ್ನು ತನ್ನ ಖಾತೆಗೆ ಫೋರ್ಕ್ (ನಕಲು) ಮಾಡಿ, ಬೇರೆ ಶಾಖೆಯಲ್ಲಿ ಬದಲಾವಣೆ ಮಾಡಿ, ಕಮಿಟ್ ಮಾಡಿ (ದಾಖಲಿಸಿ), ಸೇರಿಸಿಕೊಳ್ಳಿ ಎಂದು ಕೋರುವ ಪುಲ್ ರಿಕ್ವೆಸ್ಟ್ ಕಳಿಸುವುದು. ಲಿನಕ್ಸ್ ಕರ್ನೆಲ್ ಮಾತ್ರ ಇಂದಿಗೂ ಇ-ಮೇಲ್‌ನಲ್ಲೇ ಪ್ಯಾಚ್ ತೆಗೆದುಕೊಳ್ಳುತ್ತದೆ. ಈ ಬರಹ ತನ್ನದೇ, ಯೋಜನೆಯ ಪರವಾನಗಿಯಡಿ ಕೊಡುವ ಹಕ್ಕು ತನಗಿದೆ ಎಂದು ಸಹಿಯ ಸಾಲು ಸೇರಿಸುವ ಪದ್ಧತಿಯೂ ಅಲ್ಲಿ 2004ರಲ್ಲಿ ಶುರುವಾಯಿತು. ಎಸ್‌ಸಿಒ ಕಂಪನಿ ಲಿನಕ್ಸಿನಲ್ಲಿ ತನ್ನ ಕೋಡ್ ಸೇರಿದೆಯೆಂದು ಹೂಡಿದ ಮೊಕದ್ದಮೆಯ ಬಿಸಿ ಅದಕ್ಕೆ ಕಾರಣ. ಕಮಿಟ್‌ನಲ್ಲಿ ಬರೆದ ಹೆಸರು, ಇ-ಮೇಲ್ ವಿಳಾಸ ಶಾಶ್ವತವಾಗಿ ಸಾರ್ವಜನಿಕವಾಗುತ್ತವೆ ಎಂಬುದನ್ನು ಹೊಸಬರಿಗೆ ಯಾರೂ ಮುಂಚೆ ಹೇಳುವುದಿಲ್ಲ. ವಿಳಾಸ ಮರೆಮಾಡುವ ವ್ಯವಸ್ಥೆ ಗಿಟ್‌ಹಬ್‌ನಲ್ಲಿದೆ, ಮೊದಲ ಕಮಿಟ್‌ಗೆ ಮುಂಚೆಯೇ ಅದನ್ನು ಹೊಂದಿಸಿಕೊಳ್ಳುವುದು ಮೇಲು. ಹೆಸರನ್ನು ಕನ್ನಡದಲ್ಲೇ ಬರೆಯಲು ಗಿಟ್‌ನ ಅಡ್ಡಿಯಿಲ್ಲ.

ತಾಲ್ಲೂಕು ಕೇಂದ್ರದ ವಿದ್ಯಾರ್ಥಿಗಳಲ್ಲಿ ಲ್ಯಾಪ್‌ಟಾಪ್ ಇಲ್ಲದವರು, ಫೋನ್ ಇರುವವರು ಹೆಚ್ಚು. ಪದವೊಂದರ ಅನುವಾದ ತಿದ್ದಲು, ಕೀಲಿಮಣೆಯ ಸಾಲು ಬದಲಿಸಲು ಬ್ರೌಸರೇ ಸಾಕು: ಗಿಟ್‌ಹಬ್ ಪುಟದಲ್ಲಿ ಪೆನ್ಸಿಲ್ ಗುರುತು ಒತ್ತಿದರೆ ಫೋರ್ಕ್ ತಾನೇ ಆಗುತ್ತದೆ. ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಂಡರೆ ಆಂಡ್ರಾಯ್ಡ್ ಫೋನಿನಲ್ಲೇ ಗಿಟ್ ಮತ್ತು ಪೈಥಾನ್ ಓಡುತ್ತವೆ. ಮೇಲೆ ಹೇಳಿದ ಅರ್ಕಾವತ್ತಿನ ತಿದ್ದುಪಡಿಗೆ ಅಷ್ಟು ಸಾಮಗ್ರಿ ಸಾಕು. ಹಾರ್ಫ್‌ಬಜ್‌ನಂಥದನ್ನು ಕಟ್ಟಿ ಪರೀಕ್ಷಿಸಲು ಕಾಲೇಜಿನ ಲ್ಯಾಬ್ ಹಿಡಿಯುವುದೇ ವಾಸಿ. ಹಳಕಟ್ಟಿಯವರ ಹೆಸರು ಹೊತ್ತ ಇಂಜಿನಿಯರಿಂಗ್ ಕಾಲೇಜು ವಿಜಯಪುರದಲ್ಲಿ 1980ರಿಂದ ಇದೆ.

ಒಪ್ಪಿಗೆ ಮತ್ತು ಅಪನಂಬಿಕೆ

ಕಳಿಸಿದ್ದೆಲ್ಲ ಮೂಲ ಕೋಡಿಗೆ ಮರ್ಜ್ ಆಗುವುದಿಲ್ಲ. ನಿರ್ವಾಹಕರಲ್ಲಿ ಬಹುಪಾಲು ಜನ ಬಿಡುವಿನಲ್ಲಿ ದುಡಿಯುವವರು. ಉತ್ತರ ಬರಲು ವಾರಗಳು ಹಿಡಿಯಬಹುದು, ಬಾರದೆಯೂ ಇರಬಹುದು. ಜೊತೆಗೆ ಅವರ ತಾಳ್ಮೆಯನ್ನು ಪರೀಕ್ಷಿಸಿದ ಪ್ರಸಂಗಗಳೂ ಇವೆ. 2020ರಲ್ಲಿ, ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ-ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಟೀ-ಶರ್ಟಿನ ಆಸೆಗೆ ಅರ್ಥವಿಲ್ಲದ ಪುಲ್ ರಿಕ್ವೆಸ್ಟ್‌ಗಳ ಪ್ರವಾಹವೇ ಹರಿದು, ಭಾಗವಹಿಸಲು ಇಚ್ಛಿಸುವ ಯೋಜನೆಗಳು ಮುಂಚಿತವಾಗಿ ತಿಳಿಸಬೇಕೆಂಬ ನಿಯಮ ಬಂತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಜಾವಾಸ್ಕ್ರಿಪ್ಟ್ ಯೋಜನೆಯ ಪರಿಚಯಕಡತಕ್ಕೆ ತಮ್ಮ ಹೆಸರು ಸೇರಿಸುವ ರಿಕ್ವೆಸ್ಟ್‌ಗಳು ರಾಶಿ ಬಿದ್ದವು. ವೀಡಿಯೊ ಪಾಠವೊಂದನ್ನು ಅಕ್ಷರಶಃ ಅನುಸರಿಸಿದ ಭಾರತದ ವಿದ್ಯಾರ್ಥಿಗಳು ಅದರಲ್ಲಿ ಹೆಚ್ಚಿದ್ದರು. ತಪ್ಪು ಮಕ್ಕಳದ್ದೆನ್ನುವುದಕ್ಕಿಂತ, ದೋಷ ಕಾಣುವುದನ್ನು ಕಲಿಸದೆ ಗುಂಡಿ ಒತ್ತುವುದನ್ನು ಮಾತ್ರ ಕಲಿಸಿದ ಪಾಠದ್ದು.

ಚಿಕ್ಕ ಪ್ಯಾಚಿನ ಬಗ್ಗೆ ಗಂಭೀರ ಅನುಮಾನಕ್ಕೂ ಕಾರಣಗಳಿವೆ. 2021ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಬೇಕೆಂದೇ ದೋಷವಿಟ್ಟ ಪ್ಯಾಚ್‌ಗಳ ಪ್ರಯೋಗ ನಡೆಸಿದ್ದು ತಿಳಿದು ಲಿನಕ್ಸ್ ಕರ್ನೆಲ್ ನಿರ್ವಾಹಕರು ಆ ವಿಶ್ವವಿದ್ಯಾಲಯದ ಕೊಡುಗೆಗಳನ್ನೇ ತಡೆಹಿಡಿದರು. 2024ರ ಮಾರ್ಚಿನಲ್ಲಿ ಬಯಲಾದ, ಕಡತಗಳನ್ನು ಕುಗ್ಗಿಸುವ ತಂತ್ರಾಂಶವಾದ ಎಕ್ಸ್‌ಝಡ್ ಪ್ರಕರಣದಲ್ಲಿ ವ್ಯಕ್ತಿಯೊಬ್ಬ ವರ್ಷಗಟ್ಟಲೆ ಸಣ್ಣಪುಟ್ಟ ಉಪಯುಕ್ತ ತಿದ್ದುಪಡಿ ಕೊಟ್ಟು ನಂಬಿಕೆ ಗಳಿಸಿ, ಕೊನೆಗೆ ಕಳ್ಳಬಾಗಿಲು ಕೂರಿಸಿದ್ದ. ಇನ್ನೊಂದು ಮಗ್ಗುಲಿಗೆ, 2014ರ ಏಪ್ರಿಲಿನಲ್ಲಿ ಜಗತ್ತಿನ ಸರ್ವರ್‌ಗಳನ್ನು ನಡುಗಿಸಿದ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷಕ್ಕೆ ಮದ್ದಾದದ್ದು ಬಂದ ಸಂದೇಶದ ಉದ್ದವನ್ನು ಪರೀಕ್ಷಿಸುವ ಕೆಲವೇ ಸಾಲು. ಸಣ್ಣದೆಂದು ಯಾವುದನ್ನೂ ಓದದೆ ಒಪ್ಪಲು ನಿರ್ವಾಹಕರು ಹಿಂಜರಿಯುವುದು ಸಹಜ. ಒಂದು ಪ್ಯಾಚಿನಲ್ಲಿ ಒಂದೇ ವಿಷಯವಿದ್ದು, ಪರೀಕ್ಷೆಯೂ ಕಾರಣವೂ ಜೊತೆಗಿದ್ದರೆ ಅವರ ಕೆಲಸ ಅರ್ಧ ಹಗುರ.

ತಲುಪುವಿಕೆ

ಮರ್ಜ್ ಆದ ಮಾತ್ರಕ್ಕೆ ತಿದ್ದುಪಡಿ ಬಳಕೆದಾರರ ಕೈ ಸೇರುವುದಿಲ್ಲ. ಅದು ಯೋಜನೆಯ ಮುಂದಿನ ಬಿಡುಗಡೆಗೆ ಸೇರಬೇಕು, ಆ ಬಿಡುಗಡೆಯನ್ನು ಡೆಬಿಯನ್, ಆಂಡ್ರಾಯ್ಡ್‌ನಂಥ ದೊಡ್ಡ ವ್ಯವಸ್ಥೆಗಳು ಎತ್ತಿಕೊಳ್ಳಬೇಕು, ಫೋನ್ ತಯಾರಕರು ಅದನ್ನು ಅಪ್‌ಡೇಟ್ ಆಗಿ ಕಳಿಸಬೇಕು. ಅಗ್ಗದ ಫೋನ್‌ಗಳಿಗೆ ಎರಡು ಮೂರು ವರ್ಷಕ್ಕೆ ಅಪ್‌ಡೇಟ್ ನಿಂತೇಹೋಗುತ್ತದೆ. ಆದರೆ ಕ್ರೋಮ್, ಫೈರ್‌ಫಾಕ್ಸ್ ತಮ್ಮದೇ ಹಾರ್ಫ್‌ಬಜ್ ಪ್ರತಿಯನ್ನು ಹೊತ್ತು ತಿರುಗುತ್ತವೆ, ಅವು ಆ್ಯಪ್ ಅಂಗಡಿಯಿಂದ ಹೊಸದಾಗುತ್ತಲೇ ಇರುತ್ತವೆ. ಹೀಗಾಗಿ ಹಳೆಯ ಫೋನೊಂದರಲ್ಲಿ ಅದೇ ‘ರ‍್ಯಾಂಕ್’ ಬ್ರೌಸರಿನಲ್ಲಿ ಸರಿಯಾ‌ಗಿಯೂ ಎಸ್‌ಎಂಎಸ್ ಆ್ಯಪಿನಲ್ಲಿ ಅರ್ಕಾವತ್ತು ಹೊತ್ತೂ ಕಾಣುವುದುಂಟು. ದೂರು ಬರೆಯುವವರು ಫೋನಿನ ಮಾದರಿಯ ಜೊತೆಗೆ ಯಾವ ಆ್ಯಪಿನಲ್ಲಿ ಕಂಡಿತೆಂಬುದನ್ನೂ ನಮೂದಿಸಬೇಕಾದದ್ದು ಇದಕ್ಕಾಗಿ.